ಕಾನ್ಫಿಗ್ ಫೈಲ್‌ನಲ್ಲಿ ಬರೆದದ್ದನ್ನು ಮೈಎಸ್‌ಕ್ಯೂಎಲ್ ಸರ್ವರ್ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಉಬುಂಟು ಯಂತ್ರವೊಂದರಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸ್ ಸರ್ವರ್‌ನ 8.0 ಆವೃತ್ತಿ ನಡೆಯುತ್ತಿದೆ. ಯಂತ್ರಕ್ಕೆ 16 ಜಿಬಿ ಮೆಮೊರಿ ಇದ್ದು, ಡೇಟಾಬೇಸ್ ಬಿಟ್ಟರೆ ಬೇರೆ ಕೆಲಸ ಅದರ ಮೇಲಿಲ್ಲ. ಇದರ ಉಸ್ತುವಾರಿ ಇತ್ತೀಚೆಗೆ ನನಗೆ ಬಂದಿದೆ. ಮೊದಲು ನೋಡಿಕೊಳ್ಳುತ್ತಿದ್ದವರು ಈಗ ಸಂಪರ್ಕದಲ್ಲಿಲ್ಲ. ವರದಿಗಳ ಕ್ವೆರಿಗಳು ದಿನೇ ದಿನೇ ನಿಧಾನವಾಗುತ್ತಿದ್ದುದರಿಂದ ಬಫರ್ ಪೂಲ್ (ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಹೆಚ್ಚಿಸೋಣವೆಂದು /ಇಟಿಸಿ/ಮೈಎಸ್‌ಕ್ಯೂಎಲ್/ಕಾನ್ಫ್.ಡಿ ಫೋಲ್ಡರ್‌ನಲ್ಲಿ ಹೊಸ ಫೈಲ್ ಒಂದನ್ನು ಇಟ್ಟೆವು. ಅದರಲ್ಲಿರುವುದು ಇಷ್ಟೇ:

[ಮೈಎಸ್‌ಕ್ಯೂಎಲ್‌ಡಿ]
ಇನ್ನೊಡಿಬಿ_ಬಫರ್_ಪೂಲ್_ಸೈಜ್ = 8ಜಿ
ಮ್ಯಾಕ್ಸ್_ಕನೆಕ್ಷನ್ಸ್ = 500

ಫೈಲ್‌ನ್ನು ನಮ್ಮ ಡಿಪ್ಲಾಯ್ ಸ್ಕ್ರಿಪ್ಟ್ ಹಂಚಿಕೆಯ ಫೋಲ್ಡರ್‌ನಿಂದ ನಕಲು ಮಾಡಿ ಅಲ್ಲಿಡುತ್ತದೆ. ಸರ್ವರ್ ರೀಸ್ಟಾರ್ಟ್ ಮಾಡಿದರೆ ಯಾವ ತಕರಾರೂ ಇಲ್ಲದೆ ಏಳುತ್ತದೆ. ಆದರೆ ಒಳಗೆ ಹೋಗಿ ಕೇಳಿದಾಗ ಬಫರ್ ಪೂಲ್ 134217728 ಎಂದೂ ಮ್ಯಾಕ್ಸ್ ಕನೆಕ್ಷನ್ಸ್ (ಒಮ್ಮೆಲೇ ಇರಬಹುದಾದ ಸಂಪರ್ಕಗಳ ಮಿತಿ) 300 ಎಂದೂ ತೋರಿಸುತ್ತದೆ. ನನ್ನನ್ನು ಹೆಚ್ಚು ಕಾಡುತ್ತಿರುವುದು ಈ 300. ಇಟಿಸಿ ಫೋಲ್ಡರ್‌ನ್ನು ಪೂರ್ತಿ ಗ್ರೆಪ್ ಮಾಡಿ ಹುಡುಕಿದರೂ ಆ ಸಂಖ್ಯೆ ಯಾವ ಮೈಎಸ್‌ಕ್ಯೂಎಲ್ ಫೈಲ್‌ನಲ್ಲೂ ಸಿಗಲಿಲ್ಲ. ಕಾಗುಣಿತ ಸರಿಯಿದೆ, ಫೈಲ್ ಹೆಸರು ಸಿಎನ್‌ಎಫ್ ಎಂದೇ ಮುಗಿಯುತ್ತದೆ, ಎರರ್ ಲಾಗ್‌ನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಸರ್ವರ್ ಈ ಫೈಲ್‌ನ್ನು ಏಕೆ ಓದುತ್ತಿಲ್ಲ, ಮತ್ತು ಎಲ್ಲೂ ಬರೆದಿರದ ಮೌಲ್ಯವನ್ನು ಎಲ್ಲಿಂದ ತರುತ್ತಿದೆ ಎಂಬುದನ್ನು ಪತ್ತೆ ಹಚ್ಚುವ ಕ್ರಮ ಯಾವುದು?

ಮೊದಲ ಉತ್ತರ

ಫೈಲ್‌ನ್ನು ಮತ್ತೆ ತಿದ್ದುವುದನ್ನು ಸದ್ಯಕ್ಕೆ ನಿಲ್ಲಿಸಿ. ಕಾನ್ಫಿಗ್ ಫೈಲ್ ಹಿಡಿಯದಿದ್ದಾಗ ಬಹಳಷ್ಟು ಜನ ಸಾಲನ್ನು ಮೇಲೆ ಕೆಳಗೆ ಸರಿಸಿ, ಅದನ್ನೇ ಇನ್ನೆರಡು ಫೈಲ್‌ಗಳಲ್ಲಿ ಬರೆದು, ಪ್ರತಿ ಸಲವೂ ಸರ್ವರ್‌ನ್ನು ಇಳಿಸಿ ಏರಿಸುತ್ತಾರೆ. ಕೊನೆಗೆ ಯಾವ ಬದಲಾವಣೆಯಿಂದ ಸರಿಹೋಯಿತೆಂದು ಅವರಿಗೂ ಗೊತ್ತಾಗುವುದಿಲ್ಲ, ಅನಗತ್ಯ ಸಾಲುಗಳು ಮಾತ್ರ ಉಳಿದುಬಿಡುತ್ತವೆ. ಯಾವ ಮೌಲ್ಯವನ್ನು ಎಲ್ಲಿಂದ ಪಡೆದೆ ಎಂದು ಹೇಳುವ ಶಕ್ತಿ 8.0 ಆವೃತ್ತಿಯ ಸರ್ವರ್‌ಗೇ ಇದೆ, ಅದನ್ನೇ ಕೇಳಿ.

ಅದಕ್ಕೂ ಮೊದಲು ನೀವು ಕೊಟ್ಟಿರುವ ಎರಡು ಸಂಖ್ಯೆಗಳನ್ನೇ ಗಮನಿಸೋಣ. 134217728 ಬೈಟ್ ಎಂದರೆ 128 ಎಂಬಿ. ಅದು ಬಫರ್ ಪೂಲ್‌ನ ಡಿಫಾಲ್ಟ್ ಮೌಲ್ಯ. ಅಂದರೆ ಈ ವಿಷಯದಲ್ಲಿ ಸರ್ವರ್‌ಗೆ ಯಾರೂ ಏನೂ ಹೇಳಿಲ್ಲ, ಅಥವಾ ಹೇಳಿದ್ದು ಅದರ ಕಿವಿಗೆ ಬಿದ್ದಿಲ್ಲ. ಮ್ಯಾಕ್ಸ್ ಕನೆಕ್ಷನ್ಸ್‌ನ ಡಿಫಾಲ್ಟ್ ಆದರೋ 151. ನಿಮಗೆ ಕಾಣುತ್ತಿರುವ 300 ಆ ಡಿಫಾಲ್ಟೂ ಅಲ್ಲ, ನೀವು ಬರೆದ 500 ಕೂಡ ಅಲ್ಲ. ಆದ್ದರಿಂದ ಅದನ್ನು ಯಾರೋ ಎಲ್ಲೋ ಹೇಳಿದ್ದಾರೆ. ಒಂದೇ ತೊಂದರೆಯಂತೆ ಕಂಡರೂ ಇಲ್ಲಿ ಎರಡು ಬೇರೆ ಬೇರೆ ಕಾರಣಗಳಿವೆ ಎಂಬುದು ನನ್ನ ಅನುಮಾನ.

ಸರ್ವರ್ ತನ್ನ ಸ್ಥಿತಿಗತಿಯ ಮಾಹಿತಿ ಇಡುವ ಪರ್ಫಾರ್ಮೆನ್ಸ್ ಸ್ಕೀಮಾದಲ್ಲಿ ವೇರಿಯಬಲ್ಸ್_ಇನ್ಫೋ ಎಂಬ ಟೇಬಲ್ ಇದೆ. ಅದರಲ್ಲಿ ಪ್ರತಿಯೊಂದು ವೇರಿಯಬಲ್‌ಗೂ, ಅಂದರೆ ಸೆಟ್ಟಿಂಗ್‌ಗೂ, ಒಂದು ಸಾಲು. ವೇರಿಯಬಲ್_ಸೋರ್ಸ್ ಕಾಲಮ್ ಮೌಲ್ಯದ ಮೂಲವನ್ನೂ, ವೇರಿಯಬಲ್_ಪಾತ್ ಕಾಲಮ್ ಫೈಲ್‌ನ ಪೂರ್ಣ ದಾರಿಯನ್ನೂ ಹೇಳುತ್ತವೆ. ಸರ್ವರ್ ನಡೆಯುತ್ತಿರುವಾಗ ಬದಲಿಸಿದ ಮೌಲ್ಯವಾದರೆ ಸೆಟ್_ಟೈಮ್, ಸೆಟ್_ಯೂಸರ್, ಸೆಟ್_ಹೋಸ್ಟ್ ಕಾಲಮ್‌ಗಳಲ್ಲಿ ಯಾರು, ಯಾವಾಗ, ಎಲ್ಲಿಂದ ಎಂಬ ವಿವರವೂ ಇರುತ್ತದೆ. ಮೂಲ ‘ಕಂಪೈಲ್ಡ್’ ಎಂದಿದ್ದರೆ ಡಿಫಾಲ್ಟ್. ‘ಗ್ಲೋಬಲ್’ ಎಂದಿದ್ದರೆ ಇಟಿಸಿಯಂಥ ಸಾರ್ವತ್ರಿಕ ಜಾಗದ ಫೈಲ್‌ನಿಂದ ಬಂದದ್ದು. ‘ಕಮಾಂಡ್_ಲೈನ್’ ಎಂದಿದ್ದರೆ ಸರ್ವರ್‌ನ್ನು ಹೊರಡಿಸುವ ಆದೇಶದಲ್ಲೇ ಸೇರಿಕೊಂಡದ್ದು. ‘ಡೈನಾಮಿಕ್’ ಎಂದರೆ ಓಡುತ್ತಿರುವಾಗ ಯಾರೋ ಬದಲಿಸಿದ್ದು, ‘ಪರ್ಸಿಸ್ಟೆಡ್’ ಎಂದರೆ ಹಾಗೆ ಬದಲಿಸಿ ಶಾಶ್ವತವಾಗಿ ಉಳಿಸಿದ್ದು. ನಿಮ್ಮ ಎರಡು ವೇರಿಯಬಲ್‌ಗಳ ಸಾಲುಗಳನ್ನು ಇಲ್ಲಿ ಹಾಕಿ. ಜೊತೆಗೆ ಆ ಹೊಸ ಫೈಲ್‌ನ ಅನುಮತಿಗಳನ್ನೂ ಎಲ್‌ಎಸ್ ಕಮಾಂಡ್‌ನಿಂದ ನೋಡಿ ತಿಳಿಸಿ.

ಎರಡನೆಯ ಉತ್ತರ

ಮೇಲಿನ ಸಲಹೆ ಸರಿಯಾಗಿದೆ. ಅದರ ಜೊತೆಗೆ ಫೈಲ್‌ಗಳನ್ನು ಓದುವ ಕ್ರಮವನ್ನೂ ತಿಳಿದಿರುವುದು ಒಳ್ಳೆಯದು. ಮೈಎಸ್‌ಕ್ಯೂಎಲ್ ಒಂದೇ ಫೈಲ್‌ನ್ನು ಓದಿ ನಿಲ್ಲುವುದಿಲ್ಲ. ಯೂನಿಕ್ಸ್ ವರ್ಗದ ವ್ಯವಸ್ಥೆಗಳಲ್ಲಿ ಮೊದಲು /ಇಟಿಸಿ/ಮೈ.ಸಿಎನ್‌ಎಫ್, ಆಮೇಲೆ /ಇಟಿಸಿ/ಮೈಎಸ್‌ಕ್ಯೂಎಲ್/ಮೈ.ಸಿಎನ್‌ಎಫ್, ಅನಂತರ ಕಂಪೈಲ್ ಮಾಡುವಾಗ ಗೊತ್ತುಪಡಿಸಿದ ಜಾಗ, ಹೀಗೆ ಒಂದಾದ ಮೇಲೊಂದನ್ನು ಹುಡುಕುತ್ತಾ ಹೋಗುತ್ತದೆ. ಒಂದೇ ಆಯ್ಕೆ ಎರಡು ಕಡೆ ಇದ್ದರೆ ಕೊನೆಯಲ್ಲಿ ಓದಿದ್ದಕ್ಕೆ ಬೆಲೆ. ಇದಕ್ಕೆ ಅಪವಾದ ಯೂಸರ್ ಆಯ್ಕೆ ಮಾತ್ರ. ಭದ್ರತೆಯ ದೃಷ್ಟಿಯಿಂದ ಅದರಲ್ಲಿ ಮೊದಲು ಸಿಕ್ಕಿದ್ದನ್ನೇ ಹಿಡಿಯುತ್ತದೆ.

ಉಬುಂಟುವಿನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿನ ಮುಖ್ಯ ಫೈಲ್ ತಾನೇ ಏನನ್ನೂ ಹೇಳದೆ ಎರಡು ಫೋಲ್ಡರ್‌ಗಳನ್ನು ಒಳಗೆ ಸೇರಿಸಿಕೊಳ್ಳುತ್ತದೆ: ಮೊದಲು ಕಾನ್ಫ್.ಡಿ, ಆಮೇಲೆ ಮೈಎಸ್‌ಕ್ಯೂಎಲ್.ಕಾನ್ಫ್.ಡಿ. ಪ್ಯಾಕೇಜ್ ಜೊತೆ ಬರುವ ಮೈಎಸ್‌ಕ್ಯೂಎಲ್‌ಡಿ.ಸಿಎನ್‌ಎಫ್ ಇರುವುದು ಎರಡನೆಯದರಲ್ಲಿ. ಹಾಗಾಗಿ ನೀವು ಕಾನ್ಫ್.ಡಿಯಲ್ಲಿ ಬರೆದದ್ದನ್ನು ಪ್ಯಾಕೇಜ್‌ನ ಫೈಲ್ ಮುಚ್ಚಿಹಾಕಬಲ್ಲದು. ಹೊರಗಿನಿಂದ ಸಂಪರ್ಕ ಬರಲೆಂದು ಬೈಂಡ್ ಅಡ್ರೆಸ್‌ನ್ನು (ಸರ್ವರ್ ಸಂಪರ್ಕ ಸ್ವೀಕರಿಸುವ ವಿಳಾಸ) ಕಾನ್ಫ್.ಡಿಯಲ್ಲಿ ಬದಲಿಸಿ, ಸರ್ವರ್ 127.0.0.1 (ಅದೇ ಯಂತ್ರದ ಒಳಗಿನ ವಿಳಾಸ) ಬಿಟ್ಟು ಕದಲುತ್ತಿಲ್ಲವೆಂದು ತಲೆ ಕೆಡಿಸಿಕೊಳ್ಳುವವರ ಕಥೆ ಬಹುಪಾಲು ಇದೇ.

ಶಿರೋನಾಮೆಯ ವಿಷಯದಲ್ಲೂ ಎಚ್ಚರ ಬೇಕು. ಸರ್ವರ್‌ಗೆ ಸೇರಿದ ಆಯ್ಕೆಯನ್ನು [ಮೈಎಸ್‌ಕ್ಯೂಎಲ್] ಎಂಬ ಶಿರೋನಾಮೆಯ ಕೆಳಗೆ ಬರೆದರೆ ಅದನ್ನು ಓದುವುದು ಕಮಾಂಡ್ ಲೈನ್ ಕ್ಲೈಂಟ್ ಮಾತ್ರ. ಸರ್ವರ್‌ಗೆ ಬೇಕಾದದ್ದು ಕೊನೆಯಲ್ಲಿ ಡಿ ಇರುವ ಗುಂಪು. ನಿಮ್ಮದು ಸರಿಯಾಗಿದೆ.

ಇಷ್ಟೆಲ್ಲ ಗೋಜಲು ಬೇಡವೆಂದರೆ ಸಿಸ್ಟಮ್‌ಡಿ ಯೂನಿಟ್‌ನಲ್ಲಿ (ಸರ್ವರ್‌ನ್ನು ಹೇಗೆ ಹೊರಡಿಸಬೇಕೆಂದು ಹೇಳುವ ಫೈಲ್‌ನಲ್ಲಿ) ಡಿಫಾಲ್ಟ್ಸ್-ಫೈಲ್ ಆಯ್ಕೆಯನ್ನು ಮೊದಲನೆಯದಾಗಿ ಕೊಟ್ಟು, ನಿಮ್ಮ ಒಂದೇ ಫೈಲ್‌ನ್ನು ಓದುವಂತೆ ಮಾಡಿಬಿಡಿ. ಎಲ್ಲವೂ ಒಂದೇ ಕಡೆ ಇರುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ವೇರಿಯಬಲ್ಸ್_ಇನ್ಫೋ ಕೊಟ್ಟ ಉತ್ತರ ಹೀಗಿದೆ. ಬಫರ್ ಪೂಲ್‌ನ ಮೂಲ ‘ಕಂಪೈಲ್ಡ್’, ಪಾತ್ ಖಾಲಿ. ಮ್ಯಾಕ್ಸ್ ಕನೆಕ್ಷನ್ಸ್‌ನ ಮೂಲ ‘ಪರ್ಸಿಸ್ಟೆಡ್’. ಪಾತ್‌ನಲ್ಲಿ ಡೇಟಾ ಡೈರೆಕ್ಟರಿಯೊಳಗಿನ ಮೈಎಸ್‌ಕ್ಯೂಎಲ್‌ಡಿ-ಆಟೊ.ಸಿಎನ್‌ಎಫ್ ಎಂಬ ಫೈಲ್ ಇದೆ, ಸೆಟ್_ಯೂಸರ್ ರೂಟ್ ಎಂದಿದೆ, ದಿನಾಂಕ ನಾನು ಈ ಕೆಲಸ ವಹಿಸಿಕೊಳ್ಳುವುದಕ್ಕಿಂತ ಹಿಂದಿನದು. ಹೊಸ ಫೈಲ್‌ನ ಒಡೆತನ ರೂಟ್‌ಗೆ ಸೇರಿದ್ದು, ಅನುಮತಿ 666 ಎಂದು ಕಾಣುತ್ತಿದೆ. ಹಂಚಿಕೆಯ ಫೋಲ್ಡರ್‌ನಲ್ಲೂ ಅದು ಹಾಗೆಯೇ ಇದೆ. ಓದಲು ಎಲ್ಲರಿಗೂ ಅನುಮತಿ ಇರುವುದರಿಂದ ಇದು ಅಡ್ಡಿಯಾಗಲಾರದು ಎನ್ನಿಸುತ್ತದೆ. ಆಟೊ ಫೈಲ್‌ನ್ನು ಅಳಿಸಿಬಿಟ್ಟರೆ 300 ಹೋಗುತ್ತದೆಯೇ?

ಮೊದಲ ಉತ್ತರ ಕೊಟ್ಟವರು

ಎರಡೂ ಕಾರಣಗಳು ಈಗ ಕೈಗೆ ಸಿಕ್ಕಿವೆ.

300ರ ವಿಷಯ ಮೊದಲು ಮುಗಿಸೋಣ. ಮೈಎಸ್‌ಕ್ಯೂಎಲ್ 8.0ರಲ್ಲಿ ಸೆಟ್ ಪರ್ಸಿಸ್ಟ್ ಎಂಬ ಹೇಳಿಕೆ ಬಂತು. ಸೆಟ್ ಗ್ಲೋಬಲ್ ಎಂದರೆ ಓಡುತ್ತಿರುವ ಸರ್ವರ್‌ನಲ್ಲಿ ಮೌಲ್ಯ ಬದಲಾಗುತ್ತದೆ, ರೀಸ್ಟಾರ್ಟ್ ಆದಾಗ ಅಳಿಸಿಹೋಗುತ್ತದೆ. ಸೆಟ್ ಪರ್ಸಿಸ್ಟ್ ಎಂದರೆ ಬದಲಾಗುವುದರ ಜೊತೆಗೆ ಡೇಟಾ ಡೈರೆಕ್ಟರಿಯ ಆ ಆಟೊ ಫೈಲ್‌ನಲ್ಲೂ ಜೇಸನ್ ಎಂಬ ಪಠ್ಯ ರೂಪದಲ್ಲಿ ದಾಖಲಾಗುತ್ತದೆ. ಉಳಿದೆಲ್ಲ ಕಾನ್ಫಿಗ್ ಫೈಲ್‌ಗಳನ್ನು ಓದಿದ ನಂತರ ಸರ್ವರ್ ಓದುವುದು ಈ ಫೈಲ್‌ನ್ನು. ಹಿಂದಿನ ಆದೇಶವನ್ನು ಹೊಸ ಆದೇಶ ರದ್ದು ಮಾಡುವಂತೆ ಇಲ್ಲಿರುವುದು ಇಟಿಸಿಯಲ್ಲಿರುವುದನ್ನು ಮೀರುತ್ತದೆ. ಡೇಟಾ ಡೈರೆಕ್ಟರಿ ಇರುವುದು ವಾರ್ ಫೋಲ್ಡರ್‌ನ ಕೆಳಗೆ. ನಿಮ್ಮ ಗ್ರೆಪ್ ಇಟಿಸಿಯಲ್ಲಿ ಮಾತ್ರ ಹುಡುಕಿದ್ದರಿಂದ ಅದಕ್ಕೆ ಇದು ಕಾಣಲಿಲ್ಲ.

ಆ ಫೈಲ್‌ನ್ನು ಕೈಯಿಂದ ಅಳಿಸಬೇಡಿ, ತಿದ್ದಲೂಬೇಡಿ. ಅದರ ನಿರ್ವಹಣೆ ಸರ್ವರ್‌ನದು. ಜೇಸನ್‌ನಲ್ಲಿ ಒಂದು ಆವರಣ ಚಿಹ್ನೆ ತಪ್ಪಿದರೂ ಮುಂದಿನ ಸಲ ಸರ್ವರ್ ದೋಷ ತೋರಿಸಿ ಮೇಲೇಳದೆ ನಿಂತುಬಿಡುತ್ತದೆ. ಇಡೀ ಫೈಲ್ ಅಳಿಸಿದರೆ, ಹಿಂದಿನವರು ಯೋಚಿಸಿ ಉಳಿಸಿರಬಹುದಾದ ಬೇರೆ ಮೌಲ್ಯಗಳೂ ಅದರೊಂದಿಗೆ ಹೋಗುತ್ತವೆ. ಪರ್ಫಾರ್ಮೆನ್ಸ್ ಸ್ಕೀಮಾದ ಪರ್ಸಿಸ್ಟೆಡ್_ವೇರಿಯಬಲ್ಸ್ ಟೇಬಲ್ ತೆರೆದು ಅದರಲ್ಲಿ ಏನೇನಿದೆ ಎಂದು ಮೊದಲು ಓದಿಕೊಳ್ಳಿ. ಆಮೇಲೆ ರೀಸೆಟ್ ಪರ್ಸಿಸ್ಟ್ ಮ್ಯಾಕ್ಸ್_ಕನೆಕ್ಷನ್ಸ್ ಎಂದು ಆ ಒಂದನ್ನು ಮಾತ್ರ ತೆಗೆಯಿರಿ. ವೇರಿಯಬಲ್ ಹೆಸರನ್ನು ಬಿಟ್ಟು ಬರೀ ರೀಸೆಟ್ ಪರ್ಸಿಸ್ಟ್ ಎಂದರೆ ಎಲ್ಲವೂ ಖಾಲಿಯಾಗುತ್ತದೆ ಎಂಬುದನ್ನು ಮರೆಯಬೇಡಿ. ಇನ್ನೂ ಒಂದು ಮಾತು: ರೀಸೆಟ್ ಪರ್ಸಿಸ್ಟ್ ಫೈಲ್‌ನಲ್ಲಿನ ದಾಖಲೆಯನ್ನು ತೆಗೆಯುತ್ತದೆಯೇ ಹೊರತು ಓಡುತ್ತಿರುವ ಮೌಲ್ಯವನ್ನು ಮುಟ್ಟುವುದಿಲ್ಲ. ಆದ್ದರಿಂದ ರೀಸ್ಟಾರ್ಟ್ ಆಗುವವರೆಗೆ 300 ಹಾಗೆಯೇ ಕಾಣುತ್ತಿರುತ್ತದೆ. ಕೆಲಸ ಆಗಿಲ್ಲವೆಂದು ತಿಳಿಯಬೇಡಿ.

ಇದೇ ಕಾರಣಕ್ಕೆ ಡಿಫಾಲ್ಟ್ಸ್-ಫೈಲ್ ಬಳಸುವ ಸಲಹೆಯನ್ನು ನಾನು ಒಪ್ಪಲಾರೆ. ಆ ಆಯ್ಕೆ ಕೊಟ್ಟರೂ ಸರ್ವರ್ ಆಟೊ ಫೈಲ್‌ನ್ನು ಓದಿಯೇ ಓದುತ್ತದೆ, 300 ಹೋಗುವುದಿಲ್ಲ. ಹೋಗುವುದು ಪ್ಯಾಕೇಜ್‌ನ ಫೈಲ್‌ನಲ್ಲಿರುವ ಎರರ್ ಲಾಗ್‌ನ ಜಾಗ, ಬೈಂಡ್ ಅಡ್ರೆಸ್ ಮುಂತಾದ ಅಗತ್ಯ ಸಾಲುಗಳು.

ಮೂರನೆಯ ಉತ್ತರ

ಅನುಮತಿಯ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ನಿಮ್ಮ ಬಫರ್ ಪೂಲ್‌ನ ಗುಟ್ಟು ಅಲ್ಲಿಯೇ ಇದೆ. 666 ಎಂದರೆ ಎಲ್ಲರೂ ಓದಬಹುದು, ಅಷ್ಟೇ ಅಲ್ಲ, ಎಲ್ಲರೂ ಬರೆಯಲೂಬಹುದು. ಯಾರು ಬೇಕಾದರೂ ಬರೆಯಬಹುದಾದ ಕಾನ್ಫಿಗ್ ಫೈಲ್‌ನ್ನು ಮೈಎಸ್‌ಕ್ಯೂಎಲ್ ಉದ್ದೇಶಪೂರ್ವಕವಾಗಿಯೇ ಬಿಟ್ಟುಬಿಡುತ್ತದೆ. ಯಂತ್ರದಲ್ಲಿ ಖಾತೆಯಿರುವ ಯಾವನಾದರೂ ಅದರೊಳಗೆ ತನಗೆ ಬೇಕಾದ ಆಯ್ಕೆ ಸೇರಿಸಿದರೆ ಮುಂದಿನ ರೀಸ್ಟಾರ್ಟ್‌ನಲ್ಲಿ ಇಡೀ ಡೇಟಾಬೇಸ್ ಅವನ ಹಿಡಿತಕ್ಕೆ ಹೋಗಬಹುದು. ಆ ಅಪಾಯಕ್ಕೆ ಹೋಲಿಸಿದರೆ ಫೈಲ್‌ನ್ನು ಓದದಿರುವುದೇ ಮೇಲು ಎಂಬ ಈ ನಿಲುವು ನನಗೆ ಸರಿಯೆನಿಸುತ್ತದೆ. ಕಂಟೇನರ್‌ನಲ್ಲಿ ಸರ್ವರ್ ನಡೆಸುವವರಿಗೂ, ವಿಂಡೋಸ್ ಯಂತ್ರದ ಫೋಲ್ಡರ್‌ನ್ನು ಒಳಗೆ ಜೋಡಿಸಿದಾಗ ಫೈಲ್‌ಗಳೆಲ್ಲ 777 ಎಂದು ಕಂಡು, ಇದೇ ತೊಂದರೆ ಎದುರಾಗುತ್ತದೆ.

ಹಾಗಾದರೆ ಎರರ್ ಲಾಗ್‌ನಲ್ಲಿ ಸಾಲು ಏಕಿಲ್ಲ? ಎರರ್ ಲಾಗ್ ಎಲ್ಲಿದೆ ಎಂಬ ಮಾಹಿತಿಯೂ ಕಾನ್ಫಿಗ್ ಫೈಲ್‌ಗಳಲ್ಲೇ ಇರುತ್ತದೆ. ಫೈಲ್‌ಗಳನ್ನು ಓದುವ ಹಂತದಲ್ಲಿ ಆ ಲಾಗ್ ಇನ್ನೂ ತೆರೆದಿರುವುದಿಲ್ಲ, ಆದ್ದರಿಂದ ಎಚ್ಚರಿಕೆ ಸ್ಟ್ಯಾಂಡರ್ಡ್ ಎರರ್‌ಗೆ ಹೋಗುತ್ತದೆ. ಸಿಸ್ಟಮ್‌ಡಿ ಅದನ್ನು ತನ್ನ ಜರ್ನಲ್‌ನಲ್ಲಿ ಇಟ್ಟುಕೊಳ್ಳುತ್ತದೆ. ಜರ್ನಲ್‌ಸಿಟಿಎಲ್‌ಗೆ ಮೈಎಸ್‌ಕ್ಯೂಎಲ್ ಯೂನಿಟ್‌ನ ಹೆಸರು ಕೊಟ್ಟು ನೋಡಿ. ‘ವರ್ಲ್ಡ್-ರೈಟೆಬಲ್ ಕಾನ್ಫಿಗ್ ಫೈಲ್’ ಎಂದು ಆರಂಭವಾಗಿ, ನಿಮ್ಮ ಫೈಲ್‌ನ ಪೂರ್ಣ ದಾರಿ ಹೇಳಿ, ‘ಇಗ್ನೋರ್ಡ್’ ಎಂದು ಮುಗಿಯುವ ಸಾಲು ಪ್ರತಿ ರೀಸ್ಟಾರ್ಟ್‌ನ ಹೊತ್ತಿಗೂ ಇರಬೇಕು. ಅನುಮತಿಯನ್ನು 644ಕ್ಕೆ, ಅಂದರೆ ಒಡೆಯ ಮಾತ್ರ ಬರೆದು ಉಳಿದವರು ಓದುವಂತೆ, ಇಳಿಸಿದರೆ ಸಾಕು. ಡಿಪ್ಲಾಯ್ ಸ್ಕ್ರಿಪ್ಟ್‌ನಲ್ಲಿ ನಕಲು ಮಾಡುವ ಸಾಲಿನ ಜಾಗದಲ್ಲಿ ಇನ್‌ಸ್ಟಾಲ್ ಕಮಾಂಡ್ ಬಳಸಿ, ಒಡೆತನ ಮತ್ತು ಅನುಮತಿ ಎರಡನ್ನೂ ಅಲ್ಲೇ ಗೊತ್ತುಪಡಿಸಿ. ಇಲ್ಲದಿದ್ದರೆ ಮುಂದಿನ ಡಿಪ್ಲಾಯ್ ಮತ್ತೆ 666 ತಂದು ಕೂರಿಸುತ್ತದೆ.

ಹಾಗೆಂದು ತೀರಾ ಬಿಗಿ ಮಾಡಿ 600ಕ್ಕೂ ಇಳಿಸಬೇಡಿ. ಸಿಸ್ಟಮ್‌ಡಿ ಸರ್ವರ್‌ನ್ನು ಮೈಎಸ್‌ಕ್ಯೂಎಲ್ ಎಂಬ ಬಳಕೆದಾರನ ಹೆಸರಿನಲ್ಲಿ ಹೊರಡಿಸುವುದರಿಂದ, ರೂಟ್ ಒಬ್ಬರೇ ಓದಬಹುದಾದ ಫೈಲ್ ಅದಕ್ಕೆ ತೆರೆಯುವುದೇ ಇಲ್ಲ. ತೆರೆಯಲಾಗದ ಫೈಲ್‌ನ್ನು ಅದು ಸದ್ದಿಲ್ಲದೆ ದಾಟಿ ಮುಂದೆ ಹೋಗುತ್ತದೆ, ಈ ಸಲ ಎಚ್ಚರಿಕೆಯ ಸಾಲೂ ಸಿಗುವುದಿಲ್ಲ. ಫೈಲ್‌ನ್ನು ಬೇರೆಲ್ಲೋ ಇಟ್ಟು ಸಿಮ್‌ಲಿಂಕ್ ಮಾಡಿದಾಗಲೂ ಹೀಗಾಗಬಹುದು. ಉಬುಂಟುವಿನ ಆಪ್‌ಆರ್ಮರ್ ನಿಯಮಗಳು ಸರ್ವರ್ ಯಾವ ಯಾವ ದಾರಿಗಳನ್ನು ಮುಟ್ಟಬಹುದೆಂದು ಪಟ್ಟಿ ಮಾಡಿರುತ್ತವೆ, ಲಿಂಕ್ ತಲುಪುವ ಜಾಗ ಆ ಪಟ್ಟಿಯಲ್ಲಿಲ್ಲದಿದ್ದರೆ ಅನುಮತಿ 644 ಇದ್ದರೂ ಪ್ರಯೋಜನವಿಲ್ಲ.

ಓಡುತ್ತಿರುವ ಸರ್ವರ್‌ನ್ನು ಮುಟ್ಟದೆ ಇದನ್ನೆಲ್ಲ ಪರೀಕ್ಷಿಸುವ ದಾರಿಯೂ ಇದೆ. 8.0.16ರಿಂದ ಈಚೆಗೆ ವ್ಯಾಲಿಡೇಟ್-ಕಾನ್ಫಿಗ್ ಎಂಬ ಆಯ್ಕೆ ಬಂದಿದೆ. ನಿಮ್ಮ ಫೈಲ್‌ನಲ್ಲಿ ಅಸ್ತಿತ್ವದಲ್ಲೇ ಇಲ್ಲದ ಒಂದು ಆಯ್ಕೆಯನ್ನು ತಾತ್ಕಾಲಿಕವಾಗಿ ಸೇರಿಸಿ, ಸುಡೊ ಮೂಲಕ ಮೈಎಸ್‌ಕ್ಯೂಎಲ್ ಬಳಕೆದಾರನಾಗಿ ಸರ್ವರ್ ಪ್ರೋಗ್ರಾಮ್‌ನ್ನು ಈ ಆಯ್ಕೆಯೊಂದಿಗೆ ಓಡಿಸಿ. ಅಪರಿಚಿತ ವೇರಿಯಬಲ್ ಎಂದು ಅದು ಗದರಿದರೆ ಫೈಲ್ ಓದಿದೆ ಎಂದರ್ಥ. ಏನೂ ಹೇಳದೆ ಮುಗಿದರೆ ಓದಿಲ್ಲ. ಪರೀಕ್ಷೆ ಮುಗಿದೊಡನೆ ಆ ಸಾಲನ್ನು ತೆಗೆಯುವುದು ಮುಖ್ಯ, ಏಕೆಂದರೆ ಅದು ಉಳಿದಿದ್ದರೆ ಮುಂದಿನ ರೀಸ್ಟಾರ್ಟ್‌ನಲ್ಲಿ ನಿಜವಾದ ಸರ್ವರ್ ಏಳುವುದಿಲ್ಲ. ರೂಟ್ ಆಗಿ ಓಡಿಸಿ ಬಂದ ಫಲಿತಾಂಶವನ್ನು ನಂಬಬೇಡಿ: ರೂಟ್‌ಗೆ ಎಲ್ಲ ಫೈಲ್‌ಗಳೂ ತೆರೆಯುತ್ತವೆ.

ಪ್ರಶ್ನೆ ಕೇಳಿದವರು

ನೀವು ಹೇಳಿದ ಸಾಲು ಜರ್ನಲ್‌ನಲ್ಲಿ ಅಕ್ಷರಶಃ ಸಿಕ್ಕಿತು. ಅನುಮತಿಯನ್ನು 644 ಮಾಡಿ, ಪರ್ಸಿಸ್ಟೆಡ್ ಟೇಬಲ್ ನೋಡಿದೆ. ಅದರಲ್ಲಿ ಮ್ಯಾಕ್ಸ್ ಕನೆಕ್ಷನ್ಸ್ ಜೊತೆಗೆ ಬೈನರಿ ಲಾಗ್‌ನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕೆಂಬ ಮೌಲ್ಯವೂ ಇತ್ತು. ಬ್ಯಾಕಪ್ ವ್ಯವಸ್ಥೆ ಅದನ್ನೇ ನೆಚ್ಚಿಕೊಂಡಿರುವುದರಿಂದ ಆಟೊ ಫೈಲ್ ಅಳಿಸದಿದ್ದುದು ಒಳ್ಳೆಯದೇ ಆಯಿತು. ಮ್ಯಾಕ್ಸ್ ಕನೆಕ್ಷನ್ಸ್ ಒಂದನ್ನು ರೀಸೆಟ್ ಮಾಡಿ ರೀಸ್ಟಾರ್ಟ್ ಮಾಡಿದೆ. ಈಗ ಬಫರ್ ಪೂಲ್ 8589934592, ಮ್ಯಾಕ್ಸ್ ಕನೆಕ್ಷನ್ಸ್ 500. ಎರಡರ ಮೂಲವೂ ‘ಗ್ಲೋಬಲ್’ ಎಂದು, ಪಾತ್‌ನಲ್ಲಿ ನಮ್ಮ ಫೈಲ್‌ನ ಹೆಸರು ಬರುತ್ತಿದೆ. ಸ್ಕ್ರಿಪ್ಟ್‌ನ್ನೂ ಇನ್‌ಸ್ಟಾಲ್ ಕಮಾಂಡ್‌ಗೆ ಬದಲಾಯಿಸಿದ್ದೇವೆ.

ಇನ್ನೊಂದು ಯಂತ್ರದಲ್ಲೂ ಇದೇ ಫೈಲ್ ಹಾಕಬೇಕಿದೆ. ಅಲ್ಲಿ ಯಾರೋ ಬಹಳ ಹಿಂದೆ ಮೈಎಸ್‌ಕ್ಯೂಎಲ್‌ನ್ನು ಪ್ಯಾಕೇಜ್ ಇಲ್ಲದೆ ಕೈಯಿಂದ ಸ್ಥಾಪಿಸಿದ್ದಾರೆ. ಅಲ್ಲಿ ಬೇರೆ ಏನಾದರೂ ಗಮನಿಸಬೇಕೇ?

ನಾಲ್ಕನೆಯ ಉತ್ತರ

ಅಲ್ಲಿ 214 ಎಂಬ ಸಂಖ್ಯೆ ಕಂಡರೆ ಗಾಬರಿಯಾಗಬೇಡಿ. ಫೈಲ್ ಓದಿದ ಮೇಲೂ ಸರ್ವರ್ ನೀವು ಕೇಳಿದ್ದನ್ನು ಕಡಿತ ಮಾಡುವ ಸಂದರ್ಭಗಳಿವೆ, ಅವುಗಳಲ್ಲಿ ಇದು ಹೆಚ್ಚು ಪರಿಚಿತವಾದದ್ದು. ಪ್ರತಿ ಸಂಪರ್ಕಕ್ಕೂ ಒಂದು ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲ್ ಅಥವಾ ಸಂಪರ್ಕಕ್ಕೆ ವ್ಯವಸ್ಥೆ ಕೊಡುವ ಗುರುತು) ಬೇಕು. ಕಾರ್ಯಾಚರಣಾ ವ್ಯವಸ್ಥೆ 1024ಕ್ಕಿಂತ ಹೆಚ್ಚು ಫೈಲ್ ತೆರೆಯಲು ಬಿಡದಿದ್ದರೆ, ಸರ್ವರ್ ಅದರಲ್ಲಿ 10ನ್ನು ತನ್ನ ಬಳಕೆಗೆ ತೆಗೆದಿಟ್ಟು, ಟೇಬಲ್ ಕ್ಯಾಷ್‌ಗೆ ಕನಿಷ್ಠ 400ರ ಎರಡು ಪಟ್ಟು, ಅಂದರೆ 800 ಕಾದಿರಿಸಿ, ಉಳಿದ 214ನ್ನು ಮ್ಯಾಕ್ಸ್ ಕನೆಕ್ಷನ್ಸ್‌ಗೆ ಕೊಡುತ್ತದೆ. ನೀವು 500 ಬರೆದರೂ ಅಷ್ಟೇ, 5000 ಬರೆದರೂ ಅಷ್ಟೇ. ಈ ಎಚ್ಚರಿಕೆ ಎರರ್ ಲಾಗ್‌ನಲ್ಲಿ ‘ಚೇಂಜ್ಡ್ ಲಿಮಿಟ್ಸ್’ ಎಂದು ಬರುತ್ತದೆ. ಉಬುಂಟು ಪ್ಯಾಕೇಜ್‌ನ ಯೂನಿಟ್ ಈ ಮಿತಿಯನ್ನು ಮೊದಲೇ ಹೆಚ್ಚಿಸಿರುವುದರಿಂದ ನಿಮ್ಮ ಮೊದಲ ಯಂತ್ರದಲ್ಲಿ ತೊಂದರೆ ಬಂದಿಲ್ಲ. ಕೈಯಿಂದ ಸ್ಥಾಪಿಸಿದ ಕಡೆ ಯೂನಿಟ್‌ನಲ್ಲಿ ಲಿಮಿಟ್‌ನೋಫೈಲ್ ಸಾಲು ಇದೆಯೇ ಎಂದು ನೋಡಿ. ಶೆಲ್‌ನ ಯುಲಿಮಿಟ್ ಬದಲಿಸಿದರೆ ಸಿಸ್ಟಮ್‌ಡಿ ಹೊರಡಿಸಿದ ಸರ್ವರ್‌ಗೆ ಅದು ತಾಗುವುದಿಲ್ಲ.

ಬಫರ್ ಪೂಲ್ ಕೂಡ ಬರೆದದ್ದೇ ಬರಬೇಕೆಂದಿಲ್ಲ. ಅದು ಚಂಕ್ (ಮೆಮೊರಿ ತುಂಡು) ಗಾತ್ರವನ್ನು ಇನ್‌ಸ್ಟನ್ಸ್‌ಗಳ (ಪೂಲ್‌ನ ಭಾಗಗಳ) ಸಂಖ್ಯೆಯಿಂದ ಗುಣಿಸಿದ ಮೊತ್ತದ ಅಪವರ್ತ್ಯವಾಗಿರಬೇಕು. ಚಂಕ್ 128 ಎಂಬಿ ಇದ್ದು 16 ಇನ್‌ಸ್ಟನ್ಸ್‌ಗಳಿದ್ದರೆ ಆ ಮೊತ್ತ 2 ಜಿಬಿ. ಆಗ 9 ಜಿಬಿ ಕೇಳಿದವರಿಗೆ 10 ಜಿಬಿ ಸಿಗುತ್ತದೆ.

ಕೈಯಿಂದ ಸ್ಥಾಪಿಸಿದ ಸರ್ವರ್ ಯಾವ ಜಾಗಗಳಲ್ಲಿ ಫೈಲ್ ಹುಡುಕುತ್ತದೆ ಎಂಬುದನ್ನು ಊಹಿಸಬೇಡಿ. ಪಿಎಸ್ ಕಮಾಂಡ್‌ನಿಂದ ಓಡುತ್ತಿರುವ ಪ್ರೋಗ್ರಾಮ್‌ನ ಪೂರ್ಣ ದಾರಿ ಪಡೆದು, ಅದೇ ಪ್ರೋಗ್ರಾಮ್‌ಗೆ ವರ್ಬೋಸ್ ಮತ್ತು ಹೆಲ್ಪ್ ಆಯ್ಕೆಗಳನ್ನು ಒಟ್ಟಿಗೆ ಕೊಡಿ. ಆರಂಭದಲ್ಲೇ ತಾನು ಹುಡುಕುವ ಫೈಲ್‌ಗಳನ್ನು ಓದುವ ಕ್ರಮದಲ್ಲೇ ಹೇಳುತ್ತದೆ. ಎರಡು ಪ್ರತಿಗಳು ಸ್ಥಾಪನೆಯಾಗಿರುವ ಯಂತ್ರದಲ್ಲಿ ದಾರಿ ಕೊಡದೆ ಬರೀ ಹೆಸರಿನಿಂದ ಕರೆದರೆ ಉತ್ತರ ಕೊಡುವುದು ಇನ್ನೊಂದು ಪ್ರತಿಯಾಗಿರಬಹುದು.

ಐದನೆಯ ಉತ್ತರ

ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವವರು ಈ ಚರ್ಚೆ ಓದಿದರೆ ಅವರಿಗೂ ಇದೇ ದಾರಿ ಅನ್ವಯಿಸುತ್ತದೆ, ಹೆಸರುಗಳು ಮಾತ್ರ ಬೇರೆ. ಶೋ ಕಾನ್ಫಿಗ್_ಫೈಲ್ ಎಂದರೆ ಯಾವ ಫೈಲ್ ಎಂದು ಸರ್ವರ್ ತಾನೇ ಹೇಳುತ್ತದೆ; ಆವೃತ್ತಿ ಏರಿಸಿದ ನಂತರ ಹಳೆಯ ಕ್ಲಸ್ಟರ್‌ನ ಫೈಲ್‌ನ್ನೇ ತಿದ್ದುತ್ತಾ ಕೂರುವವರಿಗೆ ಈ ಒಂದು ಸಾಲು ಸಾಕು. ಪಿಜಿ_ಸೆಟ್ಟಿಂಗ್ಸ್ ವ್ಯೂನಲ್ಲಿ ಪ್ರತಿ ಮೌಲ್ಯದ ಫೈಲ್ ಮಾತ್ರವಲ್ಲ, ಸಾಲಿನ ಸಂಖ್ಯೆಯೂ ಇದೆ. ಮೈಎಸ್‌ಕ್ಯೂಎಲ್‌ನ ಆಟೊ ಫೈಲ್‌ಗೆ ಸಮನಾದದ್ದು ಪೋಸ್ಟ್‌ಗ್ರೆಸ್ 9.4ರಿಂದ ಇರುವ ಪೋಸ್ಟ್‌ಗ್ರೆಎಸ್‌ಕ್ಯೂಎಲ್.ಆಟೊ.ಕಾನ್ಫ್, ಆಲ್ಟರ್ ಸಿಸ್ಟಮ್ ಹೇಳಿಕೆ ಅದರಲ್ಲಿ ಬರೆಯುತ್ತದೆ, ಆಲ್ಟರ್ ಸಿಸ್ಟಮ್ ರೀಸೆಟ್ ತೆಗೆಯುತ್ತದೆ. ಒಬ್ಬ ಬಳಕೆದಾರನಿಗೆ ಅಥವಾ ಒಂದು ಡೇಟಾಬೇಸ್‌ಗೆ ಮಾತ್ರ ಪ್ರತ್ಯೇಕವಾಗಿ ಕೊಟ್ಟ ಮೌಲ್ಯಗಳು ಫೈಲ್‌ನ್ನು ಮೀರುತ್ತವೆ ಎಂಬುದನ್ನೂ ನೆನಪಿಡಬೇಕು.

ಫೈಲ್ ತಿದ್ದಿದ ಮೇಲೆ ಪಿಜಿ_ಫೈಲ್_ಸೆಟ್ಟಿಂಗ್ಸ್ ವ್ಯೂ ನೋಡುವ ಅಭ್ಯಾಸ ಇಟ್ಟುಕೊಳ್ಳಿ: ರೀಲೋಡ್ ಮಾಡುವ ಮೊದಲೇ ಯಾವ ಸಾಲಿನಲ್ಲಿ ದೋಷವಿದೆ ಎಂದು ಎರರ್ ಕಾಲಮ್ ತಿಳಿಸುತ್ತದೆ. ರೀಲೋಡ್ ಮಾಡಿದರೂ ಶೇರ್ಡ್ ಬಫರ್ಸ್ (ಬಫರ್ ಪೂಲ್‌ನ್ನು ಹೋಲುವ ಸೆಟ್ಟಿಂಗ್) ಬದಲಾಗದಿದ್ದರೆ ಪಿಜಿ_ಸೆಟ್ಟಿಂಗ್ಸ್‌ನ ಪೆಂಡಿಂಗ್_ರೀಸ್ಟಾರ್ಟ್ ಕಾಲಮ್ ನೋಡಿ. ಅದು ‘ಟ್ರೂ’ ಎಂದಿದ್ದರೆ ಸರ್ವರ್ ಹೊಸ ಮೌಲ್ಯವನ್ನು ಓದಿದೆ, ಅದು ಜಾರಿಗೆ ಬರಲು ರೀಸ್ಟಾರ್ಟ್ ಮಾಡುವುದೊಂದೇ ಬಾಕಿ.